ಇಲ್ಲಿ ವಿಚಾರಿಸಿ

ಫೆಬ್ರವರಿ ೬

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಮನೆಯ ಫೋನಿನ ತಂತಿ ಕಿತ್ತಿಟ್ಟಿದ್ದೀರಿ ಎಂದು ಓದಿ ಮೊದಲು ಸಿಟ್ಟು ಬಂತು, ಮುಂದೆ ಓದಿದ ಮೇಲೆ ಇಳಿಯಿತು. ಜೀವಮಾನವೆಲ್ಲ ಟೆಲಿಫೋನ್ ಕಚೇರಿಯ ವಿಚಾರಣೆ ಮೇಜಿನಲ್ಲಿ ಕೂತು ಕಂಡಕಂಡವರಿಗೆಲ್ಲ ನಂಬರು ಹುಡುಕಿಕೊಟ್ಟವಳು ನಮ್ಮ ಅಕ್ಕ. ಲಕ್ವ ಹೊಡೆದ ಮೇಲೂ ಗಂಟೆ ಬಾರಿಸಿದರೆ ಕೈ ಚಾಚುತ್ತಾಳಂತೆ, ಎತ್ತಿಕೊಂಡ ಮೇಲೆ ಆಡಲು ಮಾತು ಸಿಗದೆ ಅಳುತ್ತಾಳಂತೆ. ಸರಿ, ನಾನೂ ಕಾಗದವನ್ನೇ ಬರೆಯುತ್ತೇನೆ.

ಆದರೆ ಕಾಗದದ ಕೊನೆಗೆ ನೀವು ಬರೆದದ್ದು ನನಗೆ ಒಪ್ಪಿಗೆಯಿಲ್ಲ. ಅಕ್ಕನ ವೆಬ್‌ಸೈಟಿನ ವಾಯಿದೆ ಜೂನ್ ಕೊನೆಗೆ ಮುಗಿಯುತ್ತದೆ, ಆಮೇಲೆ ಅದನ್ನು ಮುಚ್ಚಿಬಿಡುತ್ತೇನೆ ಎಂದಿದ್ದೀರಿ. ನಿವೃತ್ತಿಯಾದ ಮೇಲೆ ಅವಳು ಅದನ್ನು ಹೇಗೆ ಕಟ್ಟಿದಳು ಎಂದು ನನಗಿಂತ ನಿಮಗೆ ಗೊತ್ತು. ದೊಡ್ಡ ಕಂಪನಿಗಳ ಸೈಟುಗಳಿಗೆ ಅಲ್ಲಿ ಜಾಗವಿಲ್ಲ. ಎಲ್ಲೋ ಕೂತು ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡುವವನು, ಹಳೆಯ ಬೀಗಗಳ ಚಿತ್ರ ಬರೆಯುವವಳು, ತನ್ನ ಬೀದಿಯ ಮೇಲೆ ಹಾದುಹೋದ ಮೋಡಗಳ ವಿವರ ಇಡುವ ನಿವೃತ್ತ ಪೋಸ್ಟ್‌ಮ್ಯಾನ್, ಇಂಥವರು ಮನೆಯಲ್ಲೇ ಮಾಡಿಟ್ಟ ಪುಟ್ಟ ಸೈಟುಗಳ ವಿಳಾಸಗಳು ಮಾತ್ರ. ಒಂದೊಂದಕ್ಕೂ ಅವಳೇ ಬರೆದ ಒಂದು ಸಾಲು. ‘ಕಾಯುವವರು’, ‘ಕೂಡಿಡುವವರು’, ‘ಸದ್ದು ಕೇಳುವವರು’ ಎಂದು ಅವಳೇ ಇಟ್ಟ ಕಪಾಟುಗಳು. ತಲೆಯ ಮೇಲೆ ‘ಇಲ್ಲಿ ವಿಚಾರಿಸಿ’ ಎಂಬ ಹೆಸರು, ಅದೂ ಹಳೆಯ ಮೇಜಿನ ಮುಂದಿದ್ದ ಬೋರ್ಡಿನದು. ಯಾರಿಗಾದರೂ ಏನಾದರೂ ಸಿಗದಿದ್ದರೆ ಅವಳಿಗೆ ಬರೆಯುತ್ತಿದ್ದರು, ಅವಳು ಅದೇ ದಿನ ಉತ್ತರಿಸಿ ‘ಇಲ್ಲಿಯವಳು’ ಎಂದು ಸಹಿ ಹಾಕುತ್ತಿದ್ದಳು.

ಈಗ ಬರುವ ಪತ್ರಗಳಿಗೆ ಉತ್ತರ ಕೊಡುವವರಿಲ್ಲ, ನೋಡಿದರೆ ಸಂಕಟವಾಗುತ್ತದೆ ಎಂದಿರಿ. ಅದಕ್ಕೆ ಮುಚ್ಚಬೇಕೇ? ನಾನೊಂದು ಹುಡುಕುವ ಪೆಟ್ಟಿಗೆ ಮಾಡಿ ಕೂಡಿಸುತ್ತೇನೆ. ಜನ ಬೇಕಾದ ಪದ ಟೈಪ್ ಮಾಡಿದರೆ ಅದು ಸೈಟನ್ನು ತೋರಿಸುತ್ತದೆ, ಯಾರೂ ಅಕ್ಕನಿಗೆ ಬರೆಯಬೇಕಾಗಿಲ್ಲ. ಗ್ರಂಥಾಲಯದ ಕಂಪ್ಯೂಟರುಗಳಿಗೆ ನಾನು ಮಾಡುವುದು ಇದೇ ಕೆಲಸ.

ಬಂದು ಹೋಗು ಎಂದು ಮತ್ತೆ ಬರೆದಿದ್ದೀರಿ. ಆಸ್ಪತ್ರೆಯಲ್ಲಿ ಅವಳು ಎಚ್ಚರವಾದ ದಿನ ನಾನು ಮಂಚದ ಪಕ್ಕ ಇದ್ದೆ. ನನ್ನ ಮುಖವನ್ನೇ ನೋಡಿ, ನರ್ಸಿಗೆ ಹೇಳುವಂತೆ, “ಕಿಟಕಿ” ಅಂದಳು. ತೆಗೆದೆ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ತಂಗಿ ಯಾರೆಂದೇ ತಿಳಿಯದವಳ ಮುಂದೆ ಬಂದು ಏನು ಮಾಡಲಿ ಭಾವ? ನನಗೆ ಧೈರ್ಯವಿಲ್ಲ.

ನಿಮ್ಮ ನಾದಿನಿ


ಫೆಬ್ರವರಿ ೨೧

ನಾದಿನಿ ಮಹಾರಾಯ್ತಿಗೆ,

ಕಾಗದ ನೋಡಿ ಸಂತೋಷವಾಯಿತು ಎಂದು ಬರೆಯುವುದು ಕ್ರಮ. ಅರ್ಧಕ್ಕೆ ಮಾತ್ರ ಆಯಿತು, ಆದ್ದರಿಂದ ಅರ್ಧ ಸಂತೋಷ ಎಂದು ತಿಳಿ.

ನಾನು ಕನ್ನಡಕ ಮಾರುವವನು. ಈ ವೆಬ್‌ಸೈಟು, ಪೆಟ್ಟಿಗೆ ಇವೆಲ್ಲ ನನಗೆ ತಿಳಿಯುವುದಿಲ್ಲ. ತಿಳಿದದ್ದು ಇಷ್ಟು. ನಿನ್ನ ಅಕ್ಕ ದಿನಕ್ಕೊಮ್ಮೆ ಆ ಕಂಪ್ಯೂಟರಿನ ಮುಂದೆ ಹೋಗಿ ಕೂರುತ್ತಾಳೆ, ಕಪ್ಪು ಪರದೆಯಲ್ಲಿ ತನ್ನ ಮುಖ ನೋಡುತ್ತಾಳೆ, ಎದ್ದು ಬರುತ್ತಾಳೆ. ಹಾಕಿಕೊಟ್ಟರೆ ಆರಿಸಿಬಿಡುತ್ತಾಳೆ. ಅವಳ ಕಣ್ಣ ಮುಂದಿಂದ ಅದು ಹೋದರೆ ಇಬ್ಬರಿಗೂ ನೆಮ್ಮದಿ ಎಂದುಕೊಂಡೆ, ತಪ್ಪೇ?

ಡಾಕ್ಟರನ್ನು ಕೇಳಿದೆ. “ಕಾಲು ಸರಿಹೋಗ್ತಾ ಇದೆ, ಎಡಗೈ ಚೆನ್ನಾಗಿದೆ. ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ. ಒಳಗೆ ಎಷ್ಟು ಅರ್ಥ ಆಗ್ತಿದೆ ಅನ್ನೋದು ನಮಗೂ ಹೇಳೋಕೆ ಬರಲ್ಲ” ಅಂದರು. ಅಷ್ಟು ಓದಿದವರಿಗೇ ಹೇಳೋಕೆ ಬರದಿದ್ದರೆ ನಾನು ಯಾರನ್ನು ಕೇಳಲಿ? ಚಮಚಕ್ಕೆ ಬಾಚಣಿಗೆ ಅನ್ನುತ್ತಾಳೆ, ಚಪ್ಪಲಿಗೆ ಮೆಟ್ಟಿಲು ಅನ್ನುತ್ತಾಳೆ. ದಿನ ಬೆಳಗಾದರೆ “ಕಿಟಕಿ, ಕಿಟಕಿ” ಎಂದು ಒಂದೇ ಸಮ. ತೆರೆದರೆ ಅಲ್ಲ ಎಂದು ತಲೆ ಆಡಿಸುತ್ತಾಳೆ. ಮುಚ್ಚಿದರೂ ಅಲ್ಲ. ಅರ್ಧ ತೆರೆದು ನೋಡಿದೆ, ಹಣೆ ಚಚ್ಚಿಕೊಂಡಳು. ಪರದೆ ಬದಲಾಯಿಸಿದೆ, ಗಾಜು ಒರೆಸಿದೆ, ಬಡಗಿಯನ್ನು ಕರೆಸಿ ಕೀಲಿಗೆ ಎಣ್ಣೆ ಹಾಕಿಸಿದೆ. ಗಾಳಿಗೆ ಕೂತು ಕೂತು ನನಗೆ ನೆಗಡಿಯಾಗಿದೆ. ಎದುರು ಮನೆಯ ಟೈಲರು, “ಏನ್ ಸಾರ್, ಕಸರತ್ತು ಶುರು ಮಾಡಿದೀರಾ?” ಎಂದು ನಗುತ್ತಾನೆ.

ಜೂನ್‌ವರೆಗೆ ನಿನ್ನಿಷ್ಟ. ಆದರೆ ಒಂದು ಮಾತು. ಅವಳು ಬರೆದ ಸಾಲುಗಳಲ್ಲಿ ಒಂದು ಅಕ್ಷರವನ್ನೂ ತಿದ್ದಕೂಡದು. ಬಾಯಿಯಿಂದ ಹೋದ ಮಾತು ಅಲ್ಲಾದರೂ ಇದ್ದ ಹಾಗೇ ಇರಲಿ.

ನಿನ್ನ ಭಾವ


ಮಾರ್ಚ್ ೧೭

ಭಾವನವರಿಗೆ,

ಒಂದಕ್ಷರವನ್ನೂ ತಿದ್ದಿಲ್ಲ, ನಿಶ್ಚಿಂತೆಯಿಂದಿರಿ. ನೆಗಡಿಗೆ ಕಿಟಕಿ ಮುಚ್ಚಿಕೊಂಡಿರಿ, ಅಕ್ಕ ಏನಾದರೂ ಅಂದುಕೊಳ್ಳಲಿ.

ಪೆಟ್ಟಿಗೆ ಸಿದ್ಧವಾಯಿತು ಎಂದು ಬೀಗುತ್ತ ಮೊದಲು ‘ಗಡಿಯಾರ’ ಎಂದು ಟೈಪ್ ಮಾಡಿದೆ. ಗಡಿಯಾರ ರಿಪೇರಿ ಮಾಡುವ ಒಬ್ಬರ ಸೈಟು ಅಲ್ಲಿರುವುದು ನನಗೆ ಗೊತ್ತಿತ್ತು. ಪೆಟ್ಟಿಗೆ ಹೇಳಿತು: ಸಿಗಲಿಲ್ಲ. ಹಕ್ಕಿ ಎಂದೆ, ಸಿಗಲಿಲ್ಲ. ಬೀಗ ಎಂದೆ, ಸಿಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಾನು ಯಂತ್ರವನ್ನು ಬೈದೆ. ಆಮೇಲೆ ಅಕ್ಕನ ಸಾಲು ತೆಗೆದು ನೋಡಿದರೆ, ಗಡಿಯಾರದವರ ಬಗ್ಗೆ ಅವಳು ಬರೆದಿರುವುದು ಹೀಗೆ: ‘ನಿಂತದ್ದನ್ನು ನಡೆಸಿಕೊಡುತ್ತಾರೆ, ಇವರಿಗೆ ಅವಸರ ಮಾಡಬೇಡಿ.’ ಬೀಗಗಳ ಚಿತ್ರ ಬರೆಯುವವಳಿಗೆ: ‘ಒಳಗೇನಿದೆ ಎಂದು ಕೇಳದೆ ಬಾಗಿಲನ್ನು ಪ್ರೀತಿಸುವವರು.’ ಇಡೀ ಸೈಟಿನಲ್ಲಿ ಅಕ್ಕ ಯಾವುದನ್ನೂ ಅದರ ಹೆಸರು ಹಿಡಿದು ಕರೆದಿಲ್ಲ ಭಾವ. ಅದೇನು ಮಾಡುತ್ತದೆ, ಅದರ ಪಕ್ಕದಲ್ಲಿ ಏನಿರುತ್ತದೆ, ಅದನ್ನೇ ಬರೆದಿದ್ದಾಳೆ. ನನ್ನ ಪೆಟ್ಟಿಗೆಯೋ ಹೆಸರೊಂದನ್ನೇ ಬಲ್ಲ ಬಡಪಾಯಿ.

ಹಾಗಾಗಿ ಪ್ರತಿ ಸಾಲಿನ ಬೆನ್ನಿಗೆ, ಓದುವವರಿಗೆ ಕಾಣದಂತೆ, ನಾಲ್ಕಾರು ಸಾಮಾನ್ಯ ಪದಗಳನ್ನು ಕಟ್ಟಿಡುತ್ತಿದ್ದೇನೆ. ಗಡಿಯಾರ, ವಾಚು, ಮುಳ್ಳು, ರಿಪೇರಿ, ಹೀಗೆ. ಅದಕ್ಕಾಗಿ ಎಲ್ಲ ಸಾಲುಗಳನ್ನೂ ಮತ್ತೆ ಓದಬೇಕಾಗಿದೆ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಓದುತ್ತೇನೆ. ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಇನ್ನೊಂದು ಬಸ್ಸಿಗೆ ಕಾಯುವ ಚಾಳಿ ನನ್ನದು, ಇನ್ನೂ ಹೋಗಿಲ್ಲ. ಮೊನ್ನೆ ಓದುತ್ತ ಓದುತ್ತ ಇಳಿಯುವ ಸ್ಟಾಪು ದಾಟಿಹೋಯಿತು. ಒಬ್ಬಳೇ ಹೆಂಗಸು ಒಂದು ಕೋಣೆಯಲ್ಲಿ ಕೂತು, ಲೋಕದಲ್ಲಿ ಯಾರಿಗೂ ಬೇಡವಾದ ಇಷ್ಟು ಜನರ ಪ್ರೀತಿಯನ್ನು ಹೆಕ್ಕಿ ಹೆಕ್ಕಿ ಇಟ್ಟಿದ್ದಾಳಲ್ಲ ಎಂದು ಮೈ ಜುಮ್ಮೆಂದಿತು. ಇವಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದೆ, ಇವಳು ಇಷ್ಟು ದೊಡ್ಡವಳು ಎಂದು ತಿಳಿದಿರಲಿಲ್ಲ.

ಒಮ್ಮೆ ಆ ಪೆಟ್ಟಿಗೆಯನ್ನು ಅವಳ ಮುಂದೆ ತೆರೆದಿಡಿ. ಏನನ್ನೂ ಹೇಳಬೇಡಿ, ಸುಮ್ಮನೆ ಇಡಿ.

ನಿಮ್ಮ ನಾದಿನಿ


ಏಪ್ರಿಲ್ ೨

ನಾದಿನಿಗೆ,

ಇಟ್ಟೆ. ಇಡಬಾರದಿತ್ತು.

ಬೆಳಗ್ಗೆ ಕಾಫಿ ಆದ ಮೇಲೆ ಕಂಪ್ಯೂಟರು ಹಾಕಿ ನಾನು ಹಿಂದಕ್ಕೆ ಸರಿದು ನಿಂತೆ. ನಿನ್ನ ಡಬ್ಬದಲ್ಲಿ ಗೀಟು ಮಿಣುಕುತ್ತಿತ್ತು. ಈ ಸಲ ಅವಳು ಆರಿಸಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈಯ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ತಡಕಿ, ‘ಶಿಳ್ಳೆ’ ಎಂದು ಒತ್ತಿದಳು. ತಿಂಗಳುಗಳ ನಂತರ ನಿನ್ನ ಅಕ್ಕ ಬರೆದ ಮೊದಲ ಪದ ಅದು.

ನಿನ್ನ ಡಬ್ಬ ಹೇಳಿತು: ಸಿಗಲಿಲ್ಲ.

ಅವಳು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಯಾರು ಏನು ಕೇಳಿದರೂ ಇಲ್ಲ ಎನ್ನದೆ ಹುಡುಕಿಕೊಟ್ಟವಳಿಗೆ, ಅವಳ ಮನೆಯಲ್ಲೇ ಕೂತು, ಇಲ್ಲ ಅಂದುಬಿಟ್ಟಿತಲ್ಲ ನಿನ್ನ ಯಂತ್ರ.

ಕೋಪ ನಿನ್ನ ಮೇಲಲ್ಲ. ಯಾರ ಮೇಲೆಂದು ತಿಳಿಯದೆ ನಿನಗೆ ಬರೆಯುತ್ತಿದ್ದೇನೆ. ಒಂದು ಮಾತ್ರ ಹೇಳಬೇಕು. ನಾನು ಅಂಗಡಿಯಲ್ಲಿ ಓದು ಬಾರದವರ ಕಣ್ಣನ್ನೂ ಪರೀಕ್ಷೆ ಮಾಡುತ್ತೇನೆ. ಗೆರೆ ಯಾವ ಕಡೆಗಿದೆ ಎಂದು ಕೈ ತೋರಿಸು ಅನ್ನುತ್ತೇನೆ. ಕಾಣದವರು ಅಂದಾಜಿಗೆ ತೋರಿಸುತ್ತಾರೆ, ಕಂಡವರು ಕಂಡಂತೆ ತೋರಿಸುತ್ತಾರೆ, ಆ ವ್ಯತ್ಯಾಸ ನನಗೆ ಗೊತ್ತಾಗುತ್ತದೆ. ಇವಳು ಅಂದಾಜಿಗೆ ಒತ್ತಲಿಲ್ಲ. ಬೇಕೆಂದೇ ಒತ್ತಿದಳು.

ನಿನ್ನ ಭಾವ


ಏಪ್ರಿಲ್ ೨೦

ಭಾವ,

ನಿಮ್ಮ ಕಾಗದವನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಓದಿ ಅಲ್ಲೇ ಅತ್ತೆ. ಆಮೇಲೆ ಕೆಲಸಕ್ಕೆ ಕೂತೆ.

ಶಿಳ್ಳೆ ಎಂದರೆ ಹಕ್ಕಿ, ಅಲ್ಲವೇ? ಬೆಳಗಿನ ಹಕ್ಕಿಗಳ ಕೂಗನ್ನು ಶಿಳ್ಳೆಯಲ್ಲೇ ಅನುಕರಿಸಿ ಕೇಳಿಸುವ ಒಬ್ಬರ ಸೈಟು ‘ಸದ್ದು ಕೇಳುವವರು’ ಕಪಾಟಿನಲ್ಲಿದೆ. ಅಕ್ಕ ಅದನ್ನೇ ಹುಡುಕಿದಳು. ಪೆಟ್ಟಿಗೆಗೆ ಕಲಿಸಿದೆ. ಇನ್ನು ಮೇಲೆ ಶಿಳ್ಳೆ ಅಂದರೆ ಅದು ಸಿಗುತ್ತದೆ. ‘ಸಿಗಲಿಲ್ಲ’ ಎಂಬ ಮಾತನ್ನೇ ತೆಗೆದುಹಾಕಿದೆ. ಈಗ ಅದು ಹೇಳುವುದು: ‘ಇನ್ನೊಂದು ರೀತಿ ಹೇಳಿ, ಕೇಳುತ್ತಿದ್ದೇನೆ.’ ವಿಚಾರಣೆ ಮೇಜಿನಲ್ಲಿ ಅಕ್ಕ ಹೀಗೇ ಹೇಳುತ್ತಿದ್ದಳು, ನೆನಪಿದೆಯೇ?

ಇನ್ನೊಂದು ಸಂಗತಿ. ಯಾರು ಏನು ಹುಡುಕಿ ಬರಿಗೈಯಲ್ಲಿ ಹೋದರು ಎಂಬುದು ನನ್ನ ಕಡೆಗೆ ಕಾಣುತ್ತದೆ. ಎಲ್ಲಿಯವರೋ, ಯಾರೋ, ಏನೂ ತಿಳಿಯುವುದಿಲ್ಲ, ಅವರು ಒತ್ತಿದ ಪದಗಳು ಮಾತ್ರ. ನೋಡಿ, ಜನ ಏನನ್ನೆಲ್ಲ ಕೇಳಿದ್ದಾರೆ: ‘ತಾತ ಊದುತ್ತಿದ್ದದ್ದು, ಹೆಸರು ಗೊತ್ತಿಲ್ಲ.’ ‘ಒಬ್ಬನೇ ಆಡುವ ಆಟ.’ ‘ಮಳೆಗೆ ಮುಂಚೆ ಬರುವ ವಾಸನೆ ಯಾಕೆ.’ ‘ಆ ಚಿಕ್ಕದು, ತಿರುಗುತ್ತಲ್ಲ, ಮೇಲೆ.’ ಒಬ್ಬರು ಬರೀ ‘ಅದು’ ಎಂದು ಒತ್ತಿದ್ದಾರೆ. ಮೊದಲು ನಗು ಬಂತು. ಆಮೇಲೆ ನಗು ನಿಂತು, ಮತ್ತೆ ಮೊದಲಿಂದ ಓದಿದೆ.

ಹೆಸರು ಗೊತ್ತಿದ್ದವರು ಯಾಕೆ ಹುಡುಕುತ್ತಾರೆ ಭಾವ? ಹುಡುಕುವವರೆಲ್ಲ ಅರ್ಧ ಮಾತಿನವರೇ. ಯಾರ ಕೈಯಲ್ಲೂ ಸರಿಯಾದ ಪದವಿಲ್ಲ. ಕೈಲಿರುವ ತಪ್ಪು ಪದವನ್ನೇ ಹಿಡಿದುಕೊಂಡು, ಅದೇ ಸಾಕಾದೀತು ಎಂಬ ನಂಬಿಕೆಯಿಂದ, ಮುಖ ಕಾಣದ ಒಂದು ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಆ ನಂಬಿಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಮುಂದೆ ಕೈ ಮುಗಿಯಬೇಕು ಅನ್ನಿಸಿತು. ಅಕ್ಕ ದಿನವೆಲ್ಲ ಕಿವಿಗೆ ಫೋನು ಕಟ್ಟಿಕೊಂಡು ಕೇಳಿಸಿಕೊಳ್ಳುತ್ತಿದ್ದದ್ದು ಇದನ್ನೇ ಇರಬೇಕು.

ಮತ್ತೆ ಇಡಿ ಅವಳ ಮುಂದೆ. ಅವಳು ಒತ್ತುವ ಪದ, ಅದಕ್ಕೆ ಏನು ಅರ್ಥವೆಂದು ನಿಮಗೆ ತೋಚಿದ್ದು, ಎರಡನ್ನೂ ಬರೆದು ಕಳಿಸಿ. ಒಂದನ್ನೂ ಬಿಡದೆ ಕಲಿಸುತ್ತೇನೆ.

ನಿಮ್ಮ ನಾದಿನಿ


ಮೇ ೧೪

ನಾದಿನಿ ಮಹಾರಾಯ್ತಿಗೆ,

ಈ ಸಲ ಸಂತೋಷ ಪೂರ್ತಿ.

ಶಿಳ್ಳೆ ಒತ್ತಿದಳು, ಹಕ್ಕಿಗಳವನು ಬಂದ. ಅವನ ಶಿಳ್ಳೆ ಕೋಣೆಯಲ್ಲೆಲ್ಲ ತುಂಬಿಕೊಂಡಿತು. ನಿನ್ನ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆ ಕೂರುವ ರೀತಿ ನನಗೆ ಗೊತ್ತು, ಡ್ಯೂಟಿಯ ಮೇಲೆ ಹಾಗೇ ಕೂರುತ್ತಿದ್ದಳು. ಅಂದಿನಿಂದ ಪ್ರತಿ ಬೆಳಗ್ಗೆ ತಲೆ ಬಾಚಿಕೊಂಡು, ಸರಿಯಾದ ಸೀರೆ ಉಟ್ಟುಕೊಂಡು ಹೋಗಿ ಕೂರುತ್ತಾಳೆ. ನಾನು ಅಂಗಡಿಗೆ ತಡವಾಗಿ ಹೋಗುತ್ತಿದ್ದೇನೆ. ಗಿರಾಕಿಗಳು ಕಾದರೆ ಕಾಯಲಿ.

‘ಕಾಯೋದು’ ಅಂದರೆ ಗಡಿಯಾರದವರು. ‘ಮೆತ್ತಗೆ’ ಅಂದರೆ ಮೋಡದ ಪೋಸ್ಟ್‌ಮ್ಯಾನ್. ‘ಕಳ್ಳ’ ಎಂದಳು, ನಾನು ಗಾಬರಿಯಾಗಿ ಬಾಗಿಲು ನೋಡಿ ಬಂದೆ. ಬೀಗಗಳವಳು ಕಣೇ. ತಪ್ಪು ಪದವೇ, ಆದರೆ ಇವತ್ತು ಒಂದು ನಾಳೆ ಒಂದು ಅಲ್ಲ. ಮೊನ್ನೆ ಕಳ್ಳ, ನಿನ್ನೆಯೂ ಕಳ್ಳ, ಇವತ್ತೂ ಕಳ್ಳ. ಯಾರ ಪುಟ ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿದೆ. ಒಂದು ಸೈಟು ಕೆಟ್ಟುಹೋಗಿ ತೆರೆಯದಿದ್ದಾಗ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು, ನಾನೇ ಕೆಡಿಸಿದವನ ಹಾಗೆ. ಡಾಕ್ಟರು ಹೇಳೋಕೆ ಬರಲ್ಲ ಅಂದದ್ದು ನನಗೆ ಈಗ ಹೇಳೋಕೆ ಬರುತ್ತದೆ. ಅವಳು ಒಳಗಿದ್ದಾಳೆ. ಎಲ್ಲವೂ ಒಳಗಿದೆ, ಮೇಲಿನ ಚೀಟಿಗಳು ಮಾತ್ರ ಅದಲುಬದಲಾಗಿವೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗೆ ನಾನು ಇಷ್ಟು ತಿಂಗಳು ಎದುರಿಗಿದ್ದವಳನ್ನು ಹುಡುಕಿಕೊಂಡು ಡಾಕ್ಟರರ ಬಾಗಿಲು ಅಲೆದೆ.

ನನಗೇನು ಹೆಸರು ಗೊತ್ತೇ? ಟಾರ್ಚು. ಅವಳು ಹಾಗೆ ಅಂದಾಗಲೆಲ್ಲ, ಕೈ ಜಾರಿ ಬಿದ್ದ ವಸ್ತು ಹುಡುಕಲು ಟಾರ್ಚು ಕೇಳುತ್ತಿದ್ದಾಳೆ ಎಂದುಕೊಂಡು ನಾನು ಓಡಿಹೋಗಿ ತಂದು ಕೊಡುತ್ತಿದ್ದೆ. ನಿನ್ನೆ ಅವಳು ಟಾರ್ಚನ್ನು ಪಕ್ಕಕ್ಕಿಟ್ಟು ನನ್ನ ಎದೆಗೆ ಬೆರಳು ಚುಚ್ಚಿ “ಟಾರ್ಚು” ಅಂದಳು. ಜನರ ಕಣ್ಣಿಗೆ ಬೆಳಕು ಬಿಟ್ಟೇ ಬದುಕಿದವನು, ಇರಲಿ, ಒಳ್ಳೆಯ ಹೆಸರೇ.

ಕಿಟಕಿಯದೊಂದೇ ಬಗೆಹರಿದಿಲ್ಲ. ಎಲ್ಲ ಮುಗಿದ ಮೇಲೆ ಕೊನೆಯದಾಗಿ ಅದನ್ನು ಒತ್ತುತ್ತಾಳೆ. ಹಳೆಯ ಮನೆಗಳ ಕಿಟಕಿಗಳ ಫೋಟೋ ತೆಗೆಯುವವನ ಸೈಟು ಬರುತ್ತದೆ. ಅದನ್ನಲ್ಲ ಎಂದು ಕೈಯಿಂದ ತಳ್ಳುತ್ತಾಳೆ. ಗಾಜು ಕತ್ತರಿಸುವವರದು ಬರುತ್ತದೆ, ಅದೂ ಅಲ್ಲ. ಪರದೆಯ ಕೊನೆಯವರೆಗೂ ಹೋಗಿ ನೋಡಿ ತಲೆ ತಗ್ಗಿಸುತ್ತಾಳೆ. ಇಡೀ ದಿನದ ಸಂತೋಷ ಅಲ್ಲಿ ಮುಗಿಯುತ್ತದೆ. ನಿನಗೆ ಏನಾದರೂ ತೋಚುತ್ತದೆಯೇ?

ನಿನ್ನ ಟಾರ್ಚು ಭಾವ


ಮೇ ೨೬

ಭಾವ,

ಕಿಟಕಿ ನಾನು.

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದುತ್ತಿದ್ದೆ. ಟಾರ್ಚು ಎಂಬಲ್ಲಿ ನಕ್ಕೆ. ಅವಳು ಮನುಷ್ಯರನ್ನೂ ಪಕ್ಕದಲ್ಲಿರುವ ವಸ್ತುವಿನಿಂದ ಕರೆಯುತ್ತಾಳಲ್ಲ ಎಂದುಕೊಂಡು ತಲೆ ಎತ್ತಿದೆ. ನನ್ನ ಪಕ್ಕದಲ್ಲಿದ್ದದ್ದು ಕಿಟಕಿ.

ಶಾಲೆಗೆ ಹೋಗುವ ಬಸ್ಸಿನಲ್ಲಿ ಪ್ರತಿ ದಿನ ಅದೇ ಜಗಳ. ನಾನು ಅವಳನ್ನು ಮೊಣಕೈಯಿಂದ ತಳ್ಳಿ ಒಳಗೆ ನುಗ್ಗಿ ಕಿಟಕಿಗೆ ಅಂಟಿಕೊಳ್ಳುತ್ತಿದ್ದೆ. ಅವಳು ಹೊರಗಿನ ಸೀಟಿನಲ್ಲಿ ಕೂತು ಕಂಡಕಂಡವರ ಕಾಲು ತುಳಿಸಿಕೊಳ್ಳುತ್ತಿದ್ದಳು. “ಕೂತ್ಕೋ, ಕಿಟಕಿ ನಿಂದೇ” ಎಂದು ಕೊನೆಗೆ ಬಿಟ್ಟುಕೊಡುತ್ತಿದ್ದವಳೂ ಅವಳೇ. ಒಂದು ದಿನವೂ ಅವಳು ಅಲ್ಲಿ ಕೂತದ್ದು ನನಗೆ ನೆನಪಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು, ನನ್ನ ಮುಖ ನೋಡಿ, ಅವಳು ನನ್ನ ಹೆಸರನ್ನೇ ಕರೆದಳು ಭಾವ. ಎದ್ದ ಕೂಡಲೇ ಅವಳಿಗೆ ಸಿಕ್ಕ ಮೊದಲ ಮಾತು ನಾನು. ನಾನು ಎದ್ದು ಹೋಗಿ ಕಿಟಕಿ ತೆಗೆದೆ. ಅಂದಿನಿಂದ ಅವಳು ದಿನವೂ ನಿಮ್ಮ ಹತ್ತಿರ ನನ್ನನ್ನು ಕೇಳುತ್ತಿದ್ದಾಳೆ, ನೀವು ಗಾಳಿ ಬಿಡುತ್ತಿದ್ದೀರಿ.

ಇವತ್ತು ಸೈಟಿಗೆ ಒಂದು ಹೊಸ ಸಾಲು ಸೇರಿಸಿದ್ದೇನೆ. ಅಕ್ಕನ ಅಪ್ಪಣೆಯಿಲ್ಲದೆ ಅಲ್ಲಿ ಏನನ್ನಾದರೂ ಬರೆದದ್ದು ಇದೇ ಮೊದಲು. ‘ಕಾಯುವವರು’ ಕಪಾಟಿನಲ್ಲಿದೆ. ಅವಳಿಗೆ ಏನೂ ಹೇಳಬೇಡಿ. ಅವಳೇ ಒತ್ತಲಿ.

ನಾದಿನಿ


ಜೂನ್ ೯

ನಾದಿನಿಗೆ,

ನಿನ್ನ ಕಾಗದ ಬಂದ ಮರುದಿನ ಬೆಳಗ್ಗೆ ನಾನು ಅಂಗಡಿಗೆ ಹೋಗಲಿಲ್ಲ. ಅವಳು ದಿನದಂತೆ ಶಿಳ್ಳೆ ಕೇಳಿದಳು, ಮೋಡ ನೋಡಿದಳು, ಕಳ್ಳನ ಮನೆಗೆ ಹೋಗಿ ಬಂದಳು. ಹಿಂದೆ ನಿಂತಿದ್ದ ನನ್ನನ್ನು ಎರಡು ಸಲ ತಿರುಗಿ ನೋಡಿದಳು. ಕೊನೆಗೆ ಕಿಟಕಿ ಒತ್ತಿದಳು.

ಎಲ್ಲಕ್ಕಿಂತ ಮೇಲೆ ನಿನ್ನ ಸಾಲು ಬಂತು. ‘ಬಸ್ಸಿನಲ್ಲಿ ಅಕ್ಕನನ್ನು ತಳ್ಳಿ ಒಳಗೆ ಕೂತವಳು. ಕರೆದರೆ ಬರುತ್ತಾಳೆ.’

ನಾನು ಪರೀಕ್ಷೆಗೆ ಕೂರಿಸಿದವರು ಕೆಳಗಿನ ಸಣ್ಣ ಸಾಲನ್ನು ಓದುವಾಗ ಮಾಡುವಂತೆ, ಅವಳು ಮುಂದಕ್ಕೆ ಬಾಗಿದಳು. ಒಂದೊಂದು ಪದದ ಕೆಳಗೂ ಬೆರಳಿಟ್ಟು ಹೋದಳು. ಮತ್ತೆ ಮೊದಲಿಂದ ಹೋದಳು. ಆಮೇಲೆ ನಗತೊಡಗಿದಳು. ಮಾತು ಹೋದವಳ ನಗುವಿಗೆ ಏನೂ ಆಗಿಲ್ಲ ಕಣೇ, ಹಿಂದಿನದೇ ನಗು, ಟೆಲಿಫೋನ್ ಕಚೇರಿಯ ಕಾರಿಡಾರಿನಲ್ಲಿ ಕೇಳಿ ನಾನು ಹಿಂದೆ ಬಿದ್ದದ್ದು ಅದೇ ನಗುವಿಗೆ. ಗೋಡೆಯ ಕಿಟಕಿಯನ್ನು ತೋರಿಸಿದಳು, ನನ್ನನ್ನು ತೋರಿಸಿದಳು, ನನ್ನ ಹಣೆಗೆ ಮೆಲ್ಲಗೆ ಒಂದು ಏಟು ಕೊಟ್ಟಳು. ಕಸರತ್ತು ಮಾಡಿದ ದಿನಗಳೆಲ್ಲ ಆ ಏಟಿನಲ್ಲಿ ಇದ್ದವು. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಕನ್ನಡಕದವನ ಕನ್ನಡಕವನ್ನು ಅವಳೇ ತೆಗೆದು ಸೆರಗಿನಿಂದ ಒರೆಸಿ ಕೊಟ್ಟಳು.

ನಾನೊಬ್ಬ ಸಾಮಾನ್ಯ ಮನುಷ್ಯ, ದೊಡ್ಡ ಮಾತು ಬರುವುದಿಲ್ಲ. ಎಲ್ಲೋ ದೂರದಲ್ಲಿ ಕೂತು ನೀನು ಮಾಡಿದ ಒಂದು ಬೆರಳಗಲದ ಡಬ್ಬ, ಅದರೊಳಗಿಂದ ಮನುಷ್ಯಳೊಬ್ಬಳು ನಡೆದುಕೊಂಡು ಮನೆಗೆ ಬಂದಳು. ಇದನ್ನು ನೋಡಿದ ಮೇಲೆ ಇನ್ನು ಯಾವುದನ್ನೂ ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸೈಟಿನ ವಾಯಿದೆಯನ್ನು ಮುಂದುವರಿಸಿದ್ದೇನೆ. ಇನ್ನೂ ಒಂದು ವಿಷಯ. ಅವಳು ಕಾಗದ, ಪೆನ್ನು ತರಿಸಿಕೊಂಡು ಮಧ್ಯಾಹ್ನವೆಲ್ಲ ಎಡಗೈಯಲ್ಲಿ ಏನೋ ಬರೆದಳು. ಎಷ್ಟೋ ಹಾಳೆ ಹರಿದಳು. ನೋಡಲು ಹೋದರೆ ಕೈ ಅಡ್ಡ ಇಟ್ಟಳು. ಕೊನೆಗೆ ಮಡಿಸಿ ನನ್ನ ಕೈಗೆ ಕೊಟ್ಟಳು, ನಾನು ಓದದೆ ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಭಾವ


ಜೂನ್ ೯

ಕಿಟಕಿ,

ಬಾ.

ಸೀಟು ನಿಂದೇ.

ಇಲ್ಲಿಯವಳು